ಬೀಗ ಬಿದ್ದ ಮನೆಯಲ್ಲಿ ಮತ್ತೆ ಒಲೆ ಹಚ್ಚಲು: ಕೊಡಗಿನ ಬೆಟ್ಟದೂರಿಗೆ ಹೊಸದಾಗಿ ಬರುವವರಿಗೆ

2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. 2011ರಲ್ಲಿ 5,54,519. ಹತ್ತು ವರ್ಷದಲ್ಲಿ ಆರು ಸಾವಿರ ಜನರೂ ಹೆಚ್ಚಾಗಲಿಲ್ಲ. ಅದೇ ಹೊತ್ತಿಗೆ ರಾಜ್ಯದ ಜನಸಂಖ್ಯೆ ಶೇಕಡಾ 15ಕ್ಕೂ ಮೀರಿ ಬೆಳೆದಿತ್ತು. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲು ದೊಡ್ಡದಾಗುತ್ತಲೇ ಇವೆ. ಹಾಗಾದರೆ ಜನ ಕಡಿಮೆಯಾದದ್ದು ಎಲ್ಲಿ? ಕಾಲೂರು, ಮುಕ್ಕೋಡ್ಲು, ಹಮ್ಮಿಯಾಲ, ಸೂರ್ಲಬ್ಬಿ, ಗರ್ವಾಲೆ ಕಡೆ ಒಮ್ಮೆ ಹೋಗಿ ನೋಡಿ. ಬೀಗ ಹಾಕಿದ ಹೆಂಚಿನ ಮನೆಗಳು, ಪೊದೆ ಬೆಳೆದ ಗದ್ದೆಗಳು, ವಯಸ್ಸಾದ ಇಬ್ಬರೇ ಇರುವ ದೊಡ್ಡ ಮನೆಗಳು ಕಾಣುತ್ತವೆ.

ಉತ್ತರಾಖಂಡದಲ್ಲಿ ಪರಿಸ್ಥಿತಿ ಇದಕ್ಕಿಂತ ಗಂಭೀರ. 2011ರ ನಂತರ ಅಲ್ಲಿನ 734 ಹಳ್ಳಿಗಳಲ್ಲಿ ಒಬ್ಬರೂ ಉಳಿದಿಲ್ಲ ಎಂದು ಆ ರಾಜ್ಯದ ವಲಸೆ ಆಯೋಗವೇ 2018ರಲ್ಲಿ ಹೇಳಿತು. ನಮ್ಮಲ್ಲಿ ಹಾಗೆ ಇಡೀ ಊರು ಖಾಲಿಯಾಗಿರುವುದು ಅಪರೂಪ. ಇಲ್ಲಿ ಊರು ಅರ್ಧ ಖಾಲಿಯಾಗುತ್ತದೆ. ಉಳಿದ ಅರ್ಧದವರು ಪಕ್ಕದ ಪಾಳು ಗದ್ದೆ ನೋಡಿಕೊಂಡೇ ಬದುಕುತ್ತಾರೆ. ಇಂಥ ಊರಿಗೆ ಬಂದು ನೆಲೆಸಬೇಕು, ಮುಚ್ಚಿದ ಮನೆ ತೆರೆಯಬೇಕು, ಬಿಟ್ಟ ನೆಲ ಉಳಬೇಕು ಎಂದು ಮನಸ್ಸು ಮಾಡಿದವರಿಗಾಗಿ ಈ ಬರಹ. ಬೆಂಗಳೂರಿನಿಂದ ಬರುವವರಿಗೂ ಸರಿ, ಅಜ್ಜನ ಮನೆಗೆ ಎರಡು ತಲೆಮಾರಿನ ನಂತರ ಮರಳುವವರಿಗೂ ಸರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೋಟ ಚೆನ್ನಾಗಿರುವ ಎರಡು ಎಕರೆ ಕೊಂಡು, ಬೇಲಿ ಹಾಕಿ, ವಾರಾಂತ್ಯಕ್ಕೆ ಬಂದು ಹೋದರೆ ಊರು ಉಳಿಯುವುದಿಲ್ಲ. ಅಂಥವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ. ಜುಲೈ ತಿಂಗಳಲ್ಲೂ ಮನೆಯಲ್ಲಿ ಒಲೆ ಉರಿಯಬೇಕು. ಗದ್ದೆಯಲ್ಲಿ ನೀರು ನಿಲ್ಲಬೇಕು. ಕೆಳಗೆ ಹೇಳಿರುವುದೆಲ್ಲ ಈ ಎರಡಕ್ಕಾಗಿಯೇ.

ಮೊದಲ ಹೆಜ್ಜೆ: ಊರು ಯಾಕೆ ಖಾಲಿಯಾಯಿತು ಎಂದು ಕೇಳಿ

ಮನೆಗೆ ಬೀಗ ಬೀಳಲು ಹತ್ತು ಕಾರಣ ಇರುತ್ತವೆ. ಯಾವ ಕಾರಣ ಎಂದು ತಿಳಿಯದೆ ಮುಂದೆ ಹೋಗಬೇಡಿ.

ಮಕ್ಕಳ ಶಾಲೆಗೆಂದು ಮಡಿಕೇರಿಗೋ ಮೈಸೂರಿಗೋ ಹೋದವರ ಮನೆಯಾದರೆ ಅದನ್ನು ಮತ್ತೆ ತೆರೆಯಬಹುದು. ಕಟ್ಟೆ ರೋಗ ಬಂದು ಏಲಕ್ಕಿ ಮಲೆ ಹಾಳಾಗಿ ಹೋದವರ ಮನೆಯೂ ಹಾಗೆಯೇ. ಬೇರೆ ಬೆಳೆ ಇಟ್ಟುಕೊಂಡು ಬದುಕಬಹುದು. ಅಣ್ಣತಮ್ಮಂದಿರ ಪಾಲಿನ ಜಗಳದಿಂದ ಮುಚ್ಚಿದ ಮನೆಯಾದರೆ ಜಗಳ ಮುಗಿಯುವ ತನಕ ಕೈ ಹಾಕಬೇಡಿ. ಆನೆ ಕಾಟಕ್ಕೆ ಬೇಸತ್ತು ಹೋದವರ ಜಾಗಕ್ಕೆ ಹೋಗುವುದಾದರೆ ಅದೇ ಆನೆ ನಿಮ್ಮ ಅಂಗಳಕ್ಕೂ ಬರುತ್ತದೆ ಎಂದು ತಿಳಿದೇ ಹೋಗಿ.

ಇನ್ನು 2018ರ ಆಗಸ್ಟ್ ಮಳೆಯಲ್ಲಿ ಖಾಲಿಯಾದ ಮನೆಗಳ ವಿಷಯ ಬೇರೆ. ಮಕ್ಕಂದೂರು, ಹೆಬ್ಬೆಟ್ಟಗೇರಿ, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮದೆನಾಡು, ಜೋಡುಪಾಲದ ಕಡೆ ಬೆಟ್ಟವೇ ಜಾರಿ ಬಂತು. ಅಲ್ಲಿಂದ ಹೊರಟವರಲ್ಲಿ ಎಷ್ಟೋ ಕುಟುಂಬಗಳಿಗೆ ಸರ್ಕಾರ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಮನೆ ಕಟ್ಟಿಕೊಟ್ಟಿದೆ. ಅವರು ಬಿಟ್ಟು ಬಂದ ಮನೆ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಕುಸಿದ ಬರೆಯ (ಕಡಿದಾದ ಇಳಿಜಾರಿನ) ಪಕ್ಕದ ನೆಲ ಇನ್ನೂ ಗಟ್ಟಿಯಾಗಿಲ್ಲ. ಅಂಥ ಮನೆಗೆ ಜೀವ ತುಂಬುವ ಆಸೆ ಬೇಡ.

ಕಾರಣ ತಿಳಿಯಲು ಬ್ರೋಕರ್ ಹತ್ತಿರ ಹೋಗಬೇಡಿ. ಊರಿನ ಅಂಗಡಿ, ಹಾಲಿನ ಡೇರಿ, ಅಂಚೆ ಕಚೇರಿ, ಆಶಾ ಕಾರ್ಯಕರ್ತೆ, ಲೈನ್‌ಮನ್. ಇವರಿಗೆ ಪ್ರತಿ ಮನೆಯ ಕಥೆಯೂ ಗೊತ್ತು. ಒಂದೇ ದಿನ ಎಲ್ಲ ಕೇಳಿ ಮುಗಿಸಲು ಹೋಗಬೇಡಿ, ಹಾಗೆ ಕೇಳಿದರೆ ಯಾರೂ ಹೇಳುವುದಿಲ್ಲ.

ಎರಡನೆಯದು: ಒಂದು ಮಳೆಗಾಲ ಬಾಡಿಗೆಗೆ ಇರಿ

ಡಿಸೆಂಬರಿನಲ್ಲಿ ಕೊಡಗು ನೋಡಿ ಜಾಗ ಕೊಳ್ಳುವವರೇ ಜಾಸ್ತಿ. ಕಾಫಿ ಹಣ್ಣಾಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಜೂನ್ ತಿಂಗಳಿಂದ ಸೆಪ್ಟೆಂಬರ್ ತನಕದ ಕೊಡಗು ಇನ್ನೊಂದು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಪಶ್ಚಿಮದ ಅಂಚಿಗೆ ಹೋದಷ್ಟೂ ಇನ್ನೂ ಜಾಸ್ತಿ. ಇಲ್ಲಿಯವರು ಇಂಚಿನ ಲೆಕ್ಕ ಹೇಳುತ್ತಾರೆ. 'ನಮ್ಮಲ್ಲಿ ಇನ್ನೂರು ಇಂಚು' ಎಂದರೆ ಸುಮಾರು 5000 ಮಿಲಿಮೀಟರ್. ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಕರೆಂಟ್ ಹೋದರೆ ದಿನಗಟ್ಟಲೆ ಬರದೆ ಇರಬಹುದು. ಮರ ಬಿದ್ದು ರಸ್ತೆ ಮುಚ್ಚುತ್ತದೆ. ಅಂಗಳಕ್ಕೆ ಇಳಿದರೆ ಜಿಗಣೆ.

ಅದಕ್ಕೇ ಕೊಳ್ಳುವ ಮೊದಲು ಜೂನ್ ಒಂದರಿಂದ ಅಕ್ಟೋಬರ್ ತನಕ ಆ ಊರಿನಲ್ಲೇ ಬಾಡಿಗೆಗೆ ಇರಿ. ಏಪ್ರಿಲ್ ಮುಗಿಯುವ ಮೊದಲೇ ಸೌದೆ ಒಣಗಿಸಿ ಒಳಗೆ ಸೇರಿಸಿ. ಎರಡು ತಿಂಗಳಿಗೆ ಆಗುವಷ್ಟು ಅಕ್ಕಿ, ಬೇಳೆ, ಎಣ್ಣೆ, ಉಪ್ಪು, ಔಷಧಿ ಇಟ್ಟುಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ ಎಷ್ಟು ದೂರ ಎಂದು ಮಳೆ ಸುರಿಯುವ ರಾತ್ರಿಯ ಲೆಕ್ಕದಲ್ಲಿ ಯೋಚಿಸಿ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್ ಯಾವ ಕಾಡಿನ ಮೂಲಕ ಬರುತ್ತದೆ, ಬಸ್ ಎಲ್ಲಿ ತನಕ ಬರುತ್ತದೆ, ಇವೆಲ್ಲ ಆಗಲೇ ಗೊತ್ತಾಗುತ್ತದೆ.

ಈ ಐದು ತಿಂಗಳಲ್ಲಿ ಇನ್ನೂ ಒಂದು ಆಗುತ್ತದೆ. ಊರಿನವರು ನಿಮ್ಮನ್ನು ನೋಡುತ್ತಾರೆ. ಕಕ್ಕಡ ಮಾಸದ 18ನೇ ದಿನ, ಅಂದರೆ ಆಗಸ್ಟ್ 3ರಂದು, ಪಕ್ಕದ ಮನೆಯವರು ಮದ್ದು ಸೊಪ್ಪಿನ ಪಾಯಸ ಕಳಿಸಿದರೆ ನೀವು ಇಲ್ಲಿ ಇರಬಹುದು ಎಂದು ಅವರಿಗೆ ಅನ್ನಿಸಿದೆ ಎಂದೇ ಅರ್ಥ.

ಮೂರನೆಯದು: ಜಾಗದ ಕಾಗದ

ಕೊಡಗಿನ ಜಮೀನಿನ ವ್ಯವಸ್ಥೆ ರಾಜ್ಯದ ಬೇರೆ ಕಡೆಯಂತೆ ಇಲ್ಲ. ಇಲ್ಲಿ ನಿಧಾನವಾಗಿ ಓದಿ.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಂಗಳು ಹೋದವು. ಈಗ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅಷ್ಟಕ್ಕೇ ಎಲ್ಲ ಸುಲಭವಾಯಿತು ಎಂದುಕೊಳ್ಳಬೇಡಿ.

ಹಳೆಯ ಕುಟುಂಬಗಳ ಜಮೀನು ಹೆಚ್ಚಾಗಿ ಜಮ್ಮಾ. ಅದರಲ್ಲಿ ಗದ್ದೆ ಇರುತ್ತದೆ, ಗದ್ದೆಗೆ ಸೇರಿದ ಬಾಣೆ ಇರುತ್ತದೆ. ಗದ್ದೆಗೆ ಬೇಕಾದ ಸೊಪ್ಪು, ದನಕ್ಕೆ ಮೇವು, ಮನೆಗೆ ಸೌದೆ ಸಿಗಲಿ ಎಂದು ಬಾಣೆ ಕೊಟ್ಟಿದ್ದರು. ಇವತ್ತು ಆ ಬಾಣೆಗಳಲ್ಲೇ ಕಾಫಿ ತೋಟ ಇದೆ. ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಮುಖ್ಯಸ್ಥರ) ಹೆಸರು, ಅದರ ಜೊತೆ ಒಕ್ಕದ, ಅಂದರೆ ಒಂದೇ ಮೂಲದ ಇಡೀ ಕುಲದ, ಹಲವರ ಹೆಸರು ಇರುತ್ತವೆ. ಕೆಲವರು ತೀರಿಕೊಂಡಿರುತ್ತಾರೆ. ಕೆಲವರು ಹೊರದೇಶದಲ್ಲಿರುತ್ತಾರೆ. ಒಬ್ಬರ ಸಹಿ ತಪ್ಪಿದರೂ ನಾಳೆ ಕೋರ್ಟು. ವಂಶವೃಕ್ಷ ತೆಗೆಸಿ, ಅದರಲ್ಲಿರುವ ಪ್ರತಿಯೊಬ್ಬರ ಒಪ್ಪಿಗೆ ಇದೆಯೇ ನೋಡಿ. ಬರೀ ಜಿಪಿಎ (ಅಧಿಕಾರ ಪತ್ರ) ತೋರಿಸಿ ಮಾರುವವರ ಹತ್ತಿರ ವ್ಯವಹಾರ ಬೇಡ.

ಮರಗಳ ಹಕ್ಕು ಇನ್ನೊಂದು ಲೆಕ್ಕ. ಜಾಗ ರಿಡೀಮ್ಡ್ (ಮರಗಳ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡದ್ದು) ಆಗಿದೆಯೋ, ಅನ್‌ರಿಡೀಮ್ಡ್ ಆಗಿದೆಯೋ ಎಂದು ಕೇಳಲೇಬೇಕು. ಅನ್‌ರಿಡೀಮ್ಡ್ ಆಗಿದ್ದರೆ ಅಲ್ಲಿನ ಕಾಡು ಮರಗಳ ಮೇಲಿನ ಹಕ್ಕು ಸರ್ಕಾರದ್ದು. ಮನೆ ರಿಪೇರಿಗೆ ಒಂದು ಹಲಸು ಕಡಿಯಬೇಕೆಂದರೂ ಅರಣ್ಯ ಇಲಾಖೆಯ ಬಾಗಿಲು ತಟ್ಟಬೇಕು. ಬೀಟೆ ಮರದ ತಂಟೆಗಂತೂ ಹೋಗಲೇಬೇಡಿ.

ಪೈಸಾರಿ ಎಂದರೆ ಸರ್ಕಾರಿ ಜಾಗ. ಎಷ್ಟೋ ತೋಟಗಳ ಅಂಚಿನಲ್ಲಿ ಪೈಸಾರಿಯೂ ಸೇರಿಕೊಂಡಿರುತ್ತದೆ. 'ಇದೂ ನಮ್ಮದೇ' ಎಂದು ಮಾರುವವರು ತೋರಿಸುತ್ತಾರೆ. ದಿಶಾಂಕ್ ಆ್ಯಪ್ ಇಟ್ಟುಕೊಂಡು ಗಡಿ ನಡೆದು ನೋಡಿ, ಸರ್ವೆ ನಂಬರ್ ಎಲ್ಲಿ ಬದಲಾಗುತ್ತದೆ ಎಂದು ಒಂದು ಅಂದಾಜು ಸಿಗುತ್ತದೆ. ಕೊನೆಗೆ ಸರ್ವೆಯರ್ ಅಳತೆಯೇ ಬೇಕು. ಆಕಾರಬಂದ್, ಟಿಪ್ಪಣಿ ಎಂಬ ಸರ್ವೆ ದಾಖಲೆಗಳು, ಪೋಡಿ (ಸರ್ವೆ ನಂಬರಿನ ವಿಭಜನೆ) ಆಗಿದೆಯೇ, 11ಇ ನಕ್ಷೆ, ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರ, ಇವೆಲ್ಲ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವ ಹಾಗಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಹಾಗೆಂದು ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಎರವರ, ಕುರುಬರ, ಕುಡಿಯರಂಥ ಬುಡಕಟ್ಟಿನವರ ಕೈಯಲ್ಲಿ ಉಳಿದಿರುವ ತುಂಡು ನೆಲಕ್ಕೆ ಕಣ್ಣು ಹಾಕುವುದು ನ್ಯಾಯವಲ್ಲ.

ಇನ್ನೊಂದು, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ವಲಯದ ಕರಡು ಅಧಿಸೂಚನೆಗಳು 2014ರಿಂದ ಹಲವು ಬಾರಿ ಹೊರಬಿದ್ದಿವೆ. ಕೊಡಗಿನ 55 ಹಳ್ಳಿಗಳ ಹೆಸರು ಅದರಲ್ಲಿದೆ. ನಿಮ್ಮ ಊರು ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಬೇಸಾಯ ಮಾಡಲು ಬರುವವರಿಗೆ ಅದರಿಂದ ಹೆದರಿಕೆ ಬೇಡ. ದೊಡ್ಡ ಕಟ್ಟಡದ ಕನಸು ಇದ್ದವರು ಮಾತ್ರ ಯೋಚಿಸಬೇಕು.

ಕೊಳ್ಳದೆ ಇರಬಹುದಾ? ಇರಬಹುದು, ನನ್ನ ಮಟ್ಟಿಗೆ ಅದೇ ಒಳ್ಳೆಯ ದಾರಿ. ಆದರೆ ಮಾಲೀಕರು ಯಾಕೆ ಹಿಂಜರಿಯುತ್ತಾರೆ ಎಂದು ಅರ್ಥ ಮಾಡಿಕೊಳ್ಳಿ. 1974ರ ಭೂಸುಧಾರಣೆಯ ನೆನಪು ಇನ್ನೂ ಇದೆ. ಗೇಣಿಗೆ ಕೊಟ್ಟರೆ ನೆಲ ಹೋಯಿತು ಎಂಬ ಭಯಕ್ಕೆ ಎಷ್ಟೋ ಜನ ಗದ್ದೆಯನ್ನು ಪಾಳು ಬಿಟ್ಟಿದ್ದಾರೆ. ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಇಂದಿಗೂ ಕಾಯ್ದೆಯಲ್ಲಿ ಅವಕಾಶ ಇಲ್ಲ, ಸೈನಿಕರಂಥ ಕೆಲವರನ್ನು ಬಿಟ್ಟು. ಹಾಗಾಗಿ ಮನೆಗೆ ಮಾತ್ರ ಬಾಡಿಗೆ ಕರಾರು ಮಾಡಿಕೊಳ್ಳಿ. ಗದ್ದೆ, ತೋಟದ ಬೇಸಾಯ ಮಾಲೀಕರ ಹೆಸರಿನಲ್ಲೇ ನಡೆಯಲಿ. ನಿಮ್ಮ ದುಡಿಮೆಗೆ ಏನು ಸಿಗಬೇಕು ಎಂದು ಮಡಿಕೇರಿಯ ವಕೀಲರೊಬ್ಬರ ಹತ್ತಿರ ಕೂತು ಬರೆಸಿಕೊಳ್ಳಿ.

ಮನೆ ಐನ್‌ಮನೆಯಾಗಿದ್ದರೆ (ಒಕ್ಕದ ಮೂಲಮನೆಯಾಗಿದ್ದರೆ) ಕರಾರಿನಲ್ಲಿ ಇನ್ನೂ ಒಂದು ಸಾಲು ಬೇಕು. ಕೈಮಡ (ಹಿರಿಯರ ಗುಡಿ), ಕನ್ನಿ ಕೊಂಬರೆ (ಪೂಜೆಯ ಕೋಣೆ), ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ದೀಪ, ಇವೆಲ್ಲ ಇಡೀ ಒಕ್ಕದ್ದು. ಕಾರಣವರಿಗೆ (ತೀರಿಹೋದ ಹಿರಿಯರಿಗೆ) ಎಡೆ ಕೊಡುವ ದಿನ, ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಿಗೆ ಒಕ್ಕದವರು ಬಂದು ಸೇರುತ್ತಾರೆ. ಆ ದಿನ ಮನೆ ಅವರದು. ಇದನ್ನು ನೀವಾಗಿಯೇ ಮೊದಲು ಹೇಳಿ. ಎಷ್ಟೋ ಹಿರಿಯರು ಈ ಒಂದು ಮಾತಿಗಾಗಿಯೇ ಕೀಲಿ ಕೊಡದೆ ಕೂತಿರುತ್ತಾರೆ.

ನಾಲ್ಕನೆಯದು: ಬರೆ ಮತ್ತು ನೀರು

2018ರ ಕುಸಿತಗಳನ್ನು ನೋಡಿದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಮುಖ್ಯವಾಗಿ ಹೇಳಿದ್ದು ಇದು: ರಸ್ತೆಗೆ, ಮನೆಗೆ ಎಂದು ಇಳಿಜಾರನ್ನು ನೇರವಾಗಿ ಕಡಿದು ಆಸರೆ ಇಲ್ಲದೆ ಬಿಟ್ಟ ಕಡೆ ಬರೆ ಜಾರಿದೆ. ಅಂದರೆ ಜೆಸಿಬಿ ತರಿಸುವ ಮೊದಲು ಮೂರು ಸಲ ಯೋಚಿಸಬೇಕು. ಹಳೆಯ ಮನೆಗಳು ಎಲ್ಲಿವೆ ನೋಡಿ. ಬೆಟ್ಟದ ನೆತ್ತಿಯಲ್ಲೂ ಇಲ್ಲ, ಕೊಲ್ಲಿಯ (ಬೆಟ್ಟದಿಂದ ನೀರು ಇಳಿಯುವ ಕೊರಕಲಿನ) ಬಾಯಲ್ಲೂ ಇಲ್ಲ. ಗದ್ದೆಗಿಂತ ಸ್ವಲ್ಪ ಮೇಲೆ, ಇಳಿಜಾರು ಸಣ್ಣದಾಗುವ ಕಡೆ ಇವೆ. ಕಟ್ಟಿದವರಿಗೆ ತಲೆತಲಾಂತರದ ಅನುಭವ ಇತ್ತು. ಹೊಸ ಮನೆಗೆ ಹೊಸ ಜಾಗ ಹುಡುಕಬೇಡಿ. ಹಳೆಯ ಅಡಿಪಾಯದ ಮೇಲೇ ನಿಲ್ಲಿ.

ಜಾಗದ ಮೇಲ್ಭಾಗಕ್ಕೆ ಹತ್ತಿ ನೋಡುವುದನ್ನು ಮರೆಯಬೇಡಿ. ನೆಲದಲ್ಲಿ ಉದ್ದಕ್ಕೆ ಬಿರುಕು ಇದೆಯೇ? ಮರಗಳು ಒಂದೇ ಕಡೆಗೆ ವಾಲಿವೆಯೇ, ಬುಡದಲ್ಲಿ ಬಾಗಿ ಮೇಲೆ ನೇರವಾಗಿವೆಯೇ? ಮೊದಲು ಇಲ್ಲದ ಕಡೆ ನೀರು ಜಿನುಗುತ್ತಿದೆಯೇ? ಗೋಡೆ ಬಿರುಕು ಬಿಟ್ಟು ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದೆಯೇ? ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಆ ಜಾಗ ಬೇಡ. ಮಳೆಗಾಲದಲ್ಲಿ ತಿಳಿಯಾಗಿ ಬರುತ್ತಿದ್ದ ತೋಡು (ಸಣ್ಣ ಹಳ್ಳ) ಇದ್ದಕ್ಕಿದ್ದಂತೆ ಕೆಸರಾದರೆ, ಇಲ್ಲವೇ ಸುರಿಯುವ ಮಳೆಯಲ್ಲೂ ನೀರು ಕಡಿಮೆಯಾದರೆ, ಮೇಲೆ ಎಲ್ಲೋ ಮಣ್ಣು ಕಟ್ಟಿಕೊಂಡಿದೆ. ಸಾಮಾನು ಕಟ್ಟುತ್ತಾ ಕೂರಬೇಡಿ. ಮಕ್ಕಳು, ಹಿರಿಯರನ್ನು ಕರೆದುಕೊಂಡು ಕೊಲ್ಲಿಯಿಂದ ಪಕ್ಕಕ್ಕೆ, ಎತ್ತರಕ್ಕೆ ಹೋಗಿ. ಆಮೇಲೆ ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ.

ತೋಟದಲ್ಲಿ ನೀರು ಇಂಗಿಸಲು ತೊಟ್ಟಿಲು ಗುಂಡಿ ತೆಗೆಯುವುದು ಹಳೆಯ ಅಭ್ಯಾಸ. ಸಾಧಾರಣ ಇಳಿಜಾರಿನಲ್ಲಿ ಒಳ್ಳೆಯದೇ. ಆದರೆ ಕಡಿದಾದ ಬರೆಯ ಮೇಲೆ, ಮನೆಯ ನೆತ್ತಿಯಲ್ಲಿ, ನೀರು ಇಂಗಿಸುವ ಗುಂಡಿಯೂ ಬೇಡ, ಮೀನಿನ ಕೆರೆಯೂ ಬೇಡ. ಅಲ್ಲಿ ನೀರು ಬೇಗ ಹರಿದು ಹೋಗಬೇಕು. ಮನೆಯ ಹಿಂದೆ ಚರಂಡಿ ತೆಗೆದು ತೋಡಿಗೆ ಸೇರಿಸಿ, ಮೇ ತಿಂಗಳಲ್ಲೇ ಎಲೆ, ಮಣ್ಣು ತೆಗೆದು ಶುಚಿ ಮಾಡಿ. ಬರೆಯ ಅಂಚಿನಲ್ಲಿ ಲಾವಂಚ ನೆಟ್ಟರೆ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ.

ಕುಡಿಯುವ ನೀರು ಎಷ್ಟಿದೆ ಎಂದು ಮಳೆಗಾಲದಲ್ಲಿ ಅಳೆಯಬೇಡಿ. ಏಪ್ರಿಲ್ ಕೊನೆಯಲ್ಲಿ, ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ತಿಂಗಳಾದ ಮೇಲೆ, ಊಟೆಗೆ (ನೆಲದಿಂದ ಉಕ್ಕುವ ನೀರಿನ ಸೆಲೆಗೆ) ಒಂದು ಬಿಂದಿಗೆ ಹಿಡಿದು ನೋಡಿ. ನಿಮಿಷಕ್ಕೆ ಒಂದು ಲೀಟರ್ ಬಂದರೆ ದಿನಕ್ಕೆ 1440 ಲೀಟರ್. ಜಲಜೀವನ್ ಯೋಜನೆಯ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ, ಎರಡು ಹಸುಗಳಿಗೆ ಧಾರಾಳ ಸಾಕು. ಒಂದು ಟ್ಯಾಂಕ್ ಇಟ್ಟು ಪೈಪ್ ಎಳೆದರೆ ಪಂಪೇ ಬೇಡ. ಅದೇ ಊಟೆಯಿಂದ ಕೆಳಗಿನ ಮನೆಯವರೂ ನೀರು ತೆಗೆದುಕೊಳ್ಳುತ್ತಿದ್ದರೆ ಅವರನ್ನು ಕೇಳದೆ ಪೈಪ್ ಹಾಕಬೇಡಿ.

ಕರೆಂಟಿನ ಬಗ್ಗೆ ಒಂದು ಸಲಹೆ. ಸೋಲಾರ್ ಹಾಕಿಸಿದರೂ ಜೂನ್‌ನಿಂದ ಆಗಸ್ಟ್ ತನಕ ಅದು ನಂಬುವಂತಿಲ್ಲ. ಆದರೆ ಆ ಮೂರು ತಿಂಗಳೇ ಕೊಲ್ಲಿ ತುಂಬಿ ಹರಿಯುತ್ತದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಪಿಕೋ ಹೈಡ್ರೋ ಎಂಬ ಸಣ್ಣ ಟರ್ಬೈನ್ ಇದೆ. ಸೆಕೆಂಡಿಗೆ 5 ಲೀಟರ್ ನೀರು 40 ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ನಷ್ಟ ಎಲ್ಲ ಕಳೆದು ಸುಮಾರು ಒಂದು ಕಿಲೋವ್ಯಾಟ್ ಸಿಗುತ್ತದೆ. ದೀಪ, ಟಿವಿ, ಮಿಕ್ಸಿ, ಇಂಟರ್ನೆಟ್ ಎಲ್ಲ ನಡೆಯುತ್ತದೆ. ನೀರು ಮತ್ತೆ ತೋಡಿಗೇ ಹೋಗುತ್ತದೆ. 15 ಲೀಟರಿನ ಬಕೆಟ್ ಮೂರು ಸೆಕೆಂಡಿನಲ್ಲಿ ತುಂಬಿದರೆ ಅದು ಸೆಕೆಂಡಿಗೆ 5 ಲೀಟರ್, ಅಷ್ಟೇ ಲೆಕ್ಕ.

ಐದನೆಯದು: ಮನೆ

ಹೆಂಚಿನಿಂದ ಶುರು ಮಾಡಿ. ಗೋಡೆ, ಬಣ್ಣ, ಬಚ್ಚಲು ಎಲ್ಲ ಆಮೇಲೆ. ಫೆಬ್ರವರಿಯಲ್ಲಿ ಹೆಂಚು ಇಳಿಸಿ, ರೀಪು ಪಕಾಸಿಗಳಲ್ಲಿ ಗೆದ್ದಲು ತಿಂದದ್ದನ್ನು ಬದಲಿಸಿ, ಏಪ್ರಿಲ್ ಒಳಗೆ ಮತ್ತೆ ಹೊದಿಸಿ. ಹಳೆಯ ಮಂಗಳೂರು ಹೆಂಚು ಚೆನ್ನಾಗಿದ್ದರೆ ಬಿಸಾಡಬೇಡಿ.

ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸುವುದು ಹೊಸಬರು ಬೇಗ ಮಾಡುವ ಕೆಲಸ. ಮಾಡಿಸಬೇಡಿ. ಗೋಡೆಯೊಳಗಿನ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಎರಡು ಮಳೆಗಾಲದಲ್ಲಿ ಮಣ್ಣು ಒಳಗೇ ಕರಗುತ್ತದೆ. ಸುಣ್ಣದ ಗಾರೆ ಸಾಕು. ಕೈಯಾಲೆಯ (ಜಗಲಿಯ) ಕಂಬ, ಅಲ್ಲಿ ಕೂರುವ ಐಮರದ ಹಲಗೆ ತೆಗೆದು ಗ್ಲಾಸ್ ಹಾಕಿಸಬೇಡಿ. ಮಳೆಗಾಲದಲ್ಲಿ ಬಟ್ಟೆ, ಕಾಫಿ, ಕಾಳುಮೆಣಸು, ಸೌದೆ, ನೆಂಟರು ಎಲ್ಲರಿಗೂ ಅದೇ ಜಾಗ. ಅಡುಗೆಮನೆಯಲ್ಲಿ ಗ್ಯಾಸ್ ಇದ್ದರೂ ಸೌದೆ ಒಲೆ ಉಳಿಸಿಕೊಳ್ಳಿ. ಹೊಗೆ ಆಡದ ಅಟ್ಟದಲ್ಲಿ ಗೆದ್ದಲು ಬರುತ್ತದೆ.

ಆರನೆಯದು: ಗದ್ದೆ

ಈ ಬರಹದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹೊಸಬರು ತೋಟ ನೋಡುತ್ತಾರೆ. ಕಾಫಿ, ಕಾಳುಮೆಣಸಿಗೆ ಬೆಲೆ ಇದೆ, ಸರಿ. ಆದರೆ ಬೆಟ್ಟದೂರು ನಿಂತಿರುವುದು ಗದ್ದೆಯ ಮೇಲೆ. ಒಂದು ಎಕರೆ ಗದ್ದೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದು ಸುಮಾರು ನಾಲ್ಕು ಲಕ್ಷ ಲೀಟರ್. ಆ ನೀರು ನಾಲ್ಕು ತಿಂಗಳು ಅಲ್ಲೇ ನಿಂತು ನಿಧಾನಕ್ಕೆ ಇಂಗುತ್ತದೆ. ಏಪ್ರಿಲ್‌ನಲ್ಲಿ ಕೆಳಗಿನ ಬಾವಿಯಲ್ಲಿ ನೀರು ಇರುವುದು ಅದರಿಂದ. ಗದ್ದೆ ಪಾಳು ಬಿದ್ದರೆ ಬದು ಒಡೆಯುತ್ತದೆ, ನೀರು ನೇರ ಹೊಳೆಗೆ ಓಡುತ್ತದೆ. ಆಮೇಲೆ ಬೇಸಿಗೆಯಲ್ಲಿ ಟ್ಯಾಂಕರ್ ಬರಬೇಕಾಗುತ್ತದೆ, ಅದೂ ಇನ್ನೂರು ಇಂಚು ಮಳೆ ಬೀಳುವ ಊರಿಗೆ!

ಯಾರಾದರೂ ಬಂದು 'ಶುಂಠಿಗೆ ಕೊಡಿ, ಒಳ್ಳೆ ದುಡ್ಡು' ಎನ್ನಬಹುದು. ಕೊಡಬೇಡಿ. ಶುಂಠಿಗೆ ನೀರು ನಿಲ್ಲಬಾರದು, ಹಾಗಾಗಿ ಗದ್ದೆಯನ್ನು ಸೀಳಿ ಕಾಲುವೆ ತೆಗೆಯುತ್ತಾರೆ, ಔಷಧಿ ಹೊಡೆಯುತ್ತಾರೆ. ಅವರು ಹೋದ ಮೇಲೆ ಅದು ಮತ್ತೆ ಗದ್ದೆಯಾಗಲು ವರ್ಷಗಳೇ ಬೇಕು.

ಪಾಳು ಗದ್ದೆಯನ್ನು ಮತ್ತೆ ಎಬ್ಬಿಸುವ ಕ್ರಮ ಹೀಗೆ. ಜನವರಿಯಿಂದ ಮಾರ್ಚ್ ಒಳಗೆ ಪೊದೆ ಕಡಿದು ತೆಗೆಯಿರಿ. ಬೆಂಕಿ ಕೊಡಬೇಡಿ, ಬೆಟ್ಟಕ್ಕೆ ಹತ್ತಿಕೊಂಡರೆ ಹಿಡಿಯಲು ಯಾರಿಂದಲೂ ಆಗುವುದಿಲ್ಲ. ನಂತರ ತೋಡು. ನೀರು ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ ಎರಡನ್ನೂ ಬಿಡಿಸಿ. ಹಳೆಯ ತೋಡು ಎಲ್ಲಿತ್ತು ಎಂದು ಊರಿನ ಹಿರಿಯರು ತೋರಿಸುತ್ತಾರೆ, ಅವರನ್ನು ಕರೆದುಕೊಂಡೇ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ಬದು ಕಟ್ಟಿ. ಏಡಿ ತೂತುಗಳನ್ನು ಮಣ್ಣು ಮೆತ್ತಿ ಮುಚ್ಚಿ. ಮೇ ಮಳೆಗೆ ಒಂದು ಉಳುಮೆ, ಜೂನ್‌ನಲ್ಲಿ ಇನ್ನೊಂದು. ಟಿಲ್ಲರ್ ಸಾಕು, ಭಾರದ ಟ್ರ್ಯಾಕ್ಟರ್ ಹೂತುಹೋಗುತ್ತದೆ. ತೋಟದ ಸೊಪ್ಪು, ಸಗಣಿ ಗೊಬ್ಬರ ಹಾಕಿ.

ಮೊದಲ ವರ್ಷ ಎಲ್ಲ ಗದ್ದೆ ಮಾಡಲು ಹೋಗಬೇಡಿ. ನೀರು ಒಳಗೆ ಬರುವ ಕಡೆಯ ಎರಡು ಮೂರು ಗದ್ದೆ ಸಾಕು. ಜೂನ್‌ನಲ್ಲಿ ಸಸಿ ಮಡಿ, ಜುಲೈನಲ್ಲಿ ನಾಟಿ. ತಗ್ಗಿನ ನೀರಿನ ಗದ್ದೆಗೆ ಇಂಟಾನ್‌ನಂಥ ದೀರ್ಘಾವಧಿ ತಳಿಗಳನ್ನು ಇಲ್ಲಿಯವರು ಬಳಸುತ್ತಾ ಬಂದಿದ್ದಾರೆ. ನಿಮ್ಮ ಗದ್ದೆಗೆ ಯಾವುದು ಸರಿ ಎಂದು ರೈತ ಸಂಪರ್ಕ ಕೇಂದ್ರದಲ್ಲೋ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ಮೋಡ ಮುಚ್ಚಿದ ದಿನಗಳು ಜಾಸ್ತಿ ಇರುವುದರಿಂದ ಬೆಂಕಿ ರೋಗ ಬರುತ್ತದೆ. ಯೂರಿಯಾ ಹೆಚ್ಚು ಹಾಕಿದಷ್ಟೂ ಆ ರೋಗ ಹೆಚ್ಚು.

ನಾಟಿಗೆ ಆಳು ಸಿಗುವುದಿಲ್ಲ ಎಂಬುದು ಎಲ್ಲರ ದೂರು. ಅದು ನಿಜ. ಇದಕ್ಕೆ ಹಳೆಯ ಪರಿಹಾರ ಮುಯ್ಯಾಳು. ನೀವು ಅವರ ಗದ್ದೆಯಲ್ಲಿ ಎರಡು ದಿನ ಬಗ್ಗಿದರೆ ಅವರು ನಿಮ್ಮ ಗದ್ದೆಗೆ ಎರಡು ದಿನ ಬರುತ್ತಾರೆ. ಲೆಕ್ಕ ಹಾಕಿದರೆ ಭತ್ತದಲ್ಲಿ ದುಡ್ಡು ಉಳಿಯುವುದಿಲ್ಲ. ಮನೆಗೆ ಅಕ್ಕಿ, ಹಸುವಿಗೆ ಹುಲ್ಲು, ಬಾವಿಗೆ ನೀರು, ಪುತ್ತರಿಗೆ ನಿಮ್ಮದೇ ಗದ್ದೆಯ ಕದಿರು ಸಿಗುತ್ತದೆ. ಅಕ್ಕಪಕ್ಕದವರು ಮುಂದಿನ ವರ್ಷ ತಮ್ಮ ಗದ್ದೆಗೂ ಇಳಿಯುತ್ತಾರೆ. ಒಂಟಿ ಗದ್ದೆಯಾದರೆ ಇಡೀ ಬಯಲಿನ ಹಕ್ಕಿ, ಹಂದಿ ಅಲ್ಲಿಗೇ ಬರುತ್ತವೆ. ಹಾಗಾಗಿ ಪಕ್ಕದವರೂ ಮಾಡುವುದು ನಿಮಗೂ ಬೇಕು.

ತೋಟ, ಆನೆ

ತೋಟದ ಬಗ್ಗೆ ಹೇಳುವವರು ಬೇಕಾದಷ್ಟು ಇದ್ದಾರೆ, ನಾನು ಸ್ವಲ್ಪವೇ ಹೇಳುತ್ತೇನೆ. ಪಾಳು ತೋಟದಲ್ಲಿ ಗಿಡದಲ್ಲೇ ಒಣಗಿದ ಹಣ್ಣಿನಲ್ಲಿ ಕಾಯಿಕೊರಕ ಇರುತ್ತದೆ. ಅದು ಪಕ್ಕದ ತೋಟಕ್ಕೂ ಹರಡುತ್ತದೆ. ಮೊದಲ ಕೆಲಸ ಆ ಹಣ್ಣು ಪೂರ್ತಿ ಕೊಯ್ದು ತೆಗೆಯುವುದು. ಹಳೆಯ ಅರೇಬಿಕಾದಲ್ಲಿ ಬಿಳಿ ಕಾಂಡಕೊರಕ ಹಿಡಿದ ಗಿಡ ಕಿತ್ತು ಸುಡಿ. ನೆರಳಿನ ಮರ ಕಡಿದು ಸಿಲ್ವರ್ ಓಕ್ ತುಂಬಬೇಡಿ. ಮರಗಸಿ ಮಾಡಿದರೆ (ರೆಂಬೆ ಸವರಿದರೆ) ಸಾಕು. ಕಾಳುಮೆಣಸಿನ ಸೊರಗು ರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಯಬೇಕು. ಏಲಕ್ಕಿ, ಮೆಣಸಿನ ಪ್ರಶ್ನೆಗಳಿಗೆ ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರ, ಕಿತ್ತಳೆ, ಹಣ್ಣಿಗೆ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಇವೆ. ಹೋಗಿ ಕೇಳಿ, ವಿವರವಾಗಿ ಹೇಳುತ್ತಾರೆ.

ಆನೆಗೆ ಹಲಸು, ಬಾಳೆ, ಭತ್ತ ಮೂರೂ ಇಷ್ಟ. ಮನೆಯ ಹತ್ತಿರದ ಹಲಸಿನ ಕಾಯಿಗಳನ್ನು ಬಲಿಯುವ ಮೊದಲೇ ಇಳಿಸಿ. ಬೆಳಗಿನ ಜಾವ, ಮುಸ್ಸಂಜೆ ತೋಟದಲ್ಲಿ ಒಬ್ಬರೇ ನಡೆಯಬೇಡಿ. ಸೋಲಾರ್ ಬೇಲಿ ಹಾಕಿದರೆ ಸಾಲದು, ಅದರ ಕೆಳಗಿನ ಹುಲ್ಲು ತಿಂಗಳಿಗೊಮ್ಮೆ ಕಡಿಯದಿದ್ದರೆ ಕೆಲಸ ಮಾಡುವುದಿಲ್ಲ. ಲೈನಿನ ಕರೆಂಟನ್ನು ನೇರ ಬೇಲಿಗೆ ಕೊಡುವುದು ಅಪರಾಧ, ಅದರಲ್ಲಿ ಮನುಷ್ಯರೂ ಸತ್ತಿದ್ದಾರೆ. ಅರಣ್ಯ ಇಲಾಖೆಯ ವಾಟ್ಸಾಪ್ ಗುಂಪು ನಿಮ್ಮ ಕಡೆ ಇದ್ದರೆ ಮೊದಲ ದಿನವೇ ಸೇರಿಕೊಳ್ಳಿ.

ಊರಿನವರ ಜೊತೆ

ಬಂದ ವಾರದಲ್ಲೇ ಊರು ತಕ್ಕರನ್ನು (ಊರಿನ ಮುಖ್ಯಸ್ಥರನ್ನು) ಭೇಟಿ ಮಾಡಿ. ಊರಿನ ಹಬ್ಬ ಯಾವಾಗ, ಕಟ್ಟು ಯಾವತ್ತು ಬೀಳುತ್ತದೆ ಎಂದು ಕೇಳಿ. ಕಟ್ಟು ಬಿದ್ದ ದಿನಗಳಲ್ಲಿ ಮರ ಕಡಿಯುವುದು, ಪ್ರಾಣಿ ಕೊಲ್ಲುವುದು ಇಂಥವಕ್ಕೆ ತಡೆ ಇರುತ್ತದೆ. ನಿಯಮ ಊರಿಂದ ಊರಿಗೆ ಬೇರೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ನಿಮ್ಮ ಗಡಿಗೆ ಹೊಂದಿಕೊಂಡೇ ಒಂದು ಇರಬಹುದು. ಅಲ್ಲಿಂದ ಒಂದು ಕಡ್ಡಿಯನ್ನೂ ತರಬೇಡಿ. ಹಳೆಯ ಕಾಲುದಾರಿ ನಿಮ್ಮ ಜಾಗದೊಳಗೆ ಹೋಗುತ್ತಿದ್ದರೆ ಗೇಟು ಹಾಕಿ ಮುಚ್ಚಬೇಡಿ. ಶಾಲೆಗೆ, ಮಂದ್‌ಗೆ (ಊರವರು ಸೇರುವ ಬಯಲಿಗೆ), ಕೈಮಡಕ್ಕೆ ಜನ ಅದೇ ದಾರಿಯಲ್ಲಿ ಹೋಗುತ್ತಾರೆ.

ಕೊಡವ ತಕ್ಕ್ ಆಗಲಿ, ಅರೆಭಾಷೆ ಆಗಲಿ, ಊರಿನಲ್ಲಿ ಆಡುವುದನ್ನು ಕಿವಿಗೊಟ್ಟು ಕೇಳಿ ಕಲಿಯಿರಿ. ಲೈನ್‌ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆಯಲ್ಲಿ) ಇರುವವರೂ ಊರಿನವರೇ. ಎರವರು ಇರಬಹುದು, ಅಸ್ಸಾಮಿನಿಂದ ಬಂದವರಿರಬಹುದು. ಅವರಿಗೆ ಕನಿಷ್ಠ ಕೂಲಿ, ಸೋರದ ಸೂರು, ಶೌಚಾಲಯ ಕೊಡದೆ ನಿಮ್ಮ ಮನೆಗೆ ಟೈಲ್ಸ್ ಹಾಕಿಸಬೇಡಿ. ಮಕ್ಕಳಿದ್ದರೆ ಊರಿನ ಸರ್ಕಾರಿ ಶಾಲೆಗೇ ಸೇರಿಸಿ. ಮಕ್ಕಳ ಸಂಖ್ಯೆ ಕಡಿಮೆಯಾಗಿ ಶಾಲೆ ಮುಚ್ಚುವ ಹಂತಕ್ಕೆ ಬಂದ ಊರಿನಲ್ಲಿ ಇಬ್ಬರು ಮಕ್ಕಳು ಬಂದರೂ ಬಹಳ ದೊಡ್ಡದು.

ಹೊಟ್ಟೆಪಾಡು

ಮೊದಲ ಮೂರು ವರ್ಷ ನೆಲದಿಂದ ಆದಾಯ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಹೊಸ ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು, ಮೆಣಸಿನ ಬಳ್ಳಿಗೂ ಹೆಚ್ಚುಕಡಿಮೆ ಅಷ್ಟೇ. ಮನೆಯಿಂದಲೇ ಮಾಡುವ ಉದ್ಯೋಗ ಇದ್ದರೆ ಬಿಡಬೇಡಿ. ಜೇನು, ಹಸು, ತರಕಾರಿ, ಕಾಚಂಪುಳಿ (ಹುಳಿ ಹಣ್ಣಿನ ಗಟ್ಟಿ ರಸ), ಕಾಡು ಮಾವಿನ ಉಪ್ಪಿನಕಾಯಿ, ಇವೆಲ್ಲ ಸಣ್ಣ ಆದಾಯ. ಒಟ್ಟಿಗೆ ಸೇರಿದರೆ ಸಂತೆ ಖರ್ಚು ಹೊರಡುತ್ತದೆ.

ಹೋಂಸ್ಟೇ ಬೇಡ ಎಂದು ನಾನು ಹೇಳುವುದಿಲ್ಲ. ಅದರಿಂದಲೇ ಉಳಿದ ಹಳೆಯ ಮನೆಗಳಿವೆ. ಆದರೆ ಅದನ್ನು ಕೊನೆಗೆ ಇಡಿ. ಗದ್ದೆ ಎರಡು ಫಸಲು ಕಂಡ ಮೇಲೆ, ಮನೆಯ ಎರಡು ಕೋಣೆಯಲ್ಲಿ ಮಾತ್ರ ಶುರು ಮಾಡಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ, ಪಂಚಾಯಿತಿಯ ಅನುಮತಿ ಎರಡೂ ಬೇಕು. ಅತಿಥಿಗಳಿಗೆಂದು ಹೊಸ ಕಟ್ಟಡ ಕಟ್ಟುವುದಾದರೆ ಭೂಪರಿವರ್ತನೆ ಬೇಕು, ಬರೆ ಕಡಿಯಬೇಕು, ರಸ್ತೆ ಅಗಲ ಮಾಡಬೇಕು. ಅಲ್ಲಿಗೆ ನಿಲ್ಲಿಸಿ. ಶೌಚದ ಗುಂಡಿ ಊಟೆಯಿಂದ ದೂರ, ಅದಕ್ಕಿಂತ ಕೆಳಗೆ ಇರಲಿ. ಸ್ಪೀಕರ್ ಹಾಕುವ ಗುಂಪುಗಳಿಗೆ ಬುಕಿಂಗ್ ಕೊಡಬೇಡಿ. ಜೂನ್‌ನಿಂದ ಆಗಸ್ಟ್ ತನಕ ಅತಿಥಿಗಳನ್ನು ತೆಗೆದುಕೊಳ್ಳಲೇಬೇಡಿ. ಆಗ ನಿಮಗೆ ನಾಟಿ ಇರುತ್ತದೆ, ರಸ್ತೆಯನ್ನು ನಂಬುವಂತಿಲ್ಲ, ಬರೆ ಜಾರಿದರೆ ಬೇರೆಯವರ ಮಕ್ಕಳ ಜವಾಬ್ದಾರಿಯೂ ನಿಮ್ಮ ಮೇಲೆ ಬೀಳುತ್ತದೆ.